ಹನ್ನೊಂದನೇ ಮಣೆಯ ಕುದುರೆ

"ಒಂಬತ್ತನೇ ಮಣೆಯವರು ಹನ್ನೆರಡನೇ ನಡೆಯಲ್ಲಿ ಒಂಟೆ ಕಳ್ಕೊಂಡ್ರು. ಹತ್ತನೆಯವರು ಮೊದಲಿಂದಲೂ ಹೆದರಿದ್ರು. ರಾಜನ್ನ ಮೂಲೆಗೆ ಸೇರಿಸಿ ಬಾಗಿಲು ಹಾಕ್ಕೊಂಡ್ಬಿಟ್ರು."

ಚಾಂಪಿಯನ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಬೆನ್ನ ಹಿಂದೆ ಇಪ್ಪತ್ನಾಲ್ಕು ಚದುರಂಗದ ಮಣೆಗಳು, ಭಾನುವಾರ ಸಂಜೆ ಆಟ ನಿಂತಾಗ ಹೇಗಿದ್ದವೋ ಹಾಗೇ ಇದ್ದವು. ಒಂದೊಂದು ಮಣೆಯ ಒಂದೊಂದು ನಡೆಯನ್ನೂ ಅವರು ತಿರುಗಿ ನೋಡದೆ ಒಪ್ಪಿಸುತ್ತಿದ್ದರು. ಆಟಗಾರರು ತಮ್ಮ ನಡೆಗಳನ್ನು ಬರೆದುಕೊಂಡಿದ್ದ ಹಾಳೆಗಳ ಮೇಲೆ ಬೆರಳಿಟ್ಟು ನಾನು ತಾಳೆ ನೋಡುತ್ತಿದ್ದೆ. ಹತ್ತು ಮಣೆ ಮುಗಿದರೂ ಒಂದೇ ಒಂದು ತಪ್ಪಿರಲಿಲ್ಲ. ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆ ಎಂಬುದೇ ನೆನಪಿರದ ನನಗೆ ಹೊಟ್ಟೆಕಿಚ್ಚಾಯಿತು.

"ಹೇಳ್ತೀನಿ ಕೇಳಿ ಮೇಡಂ," ಬಾಗಿಲ ಬಳಿ ನಿಂತಿದ್ದ ಹವಾಲ್ದಾರರು ಮೆಲ್ಲಗೆ ಅಂದರು, "ಇದೆಲ್ಲ ಬೇಕಾ? ಆಸಾಮಿ ಒಳಗಿದಾನೆ. ಹೇಳ್ತೀನಿ ಕೇಳಿ, ನಾಳೆ ಕಸ್ಟಡಿ ಮುಗಿದು ಕೋರ್ಟಿಗೆ ಒಪ್ಪಿಸಿದ್ರೆ ನಮ್ಮ ಕೆಲಸ ಮುಗೀತು."

ಆ ಎರಡು ಪದಗಳಿಲ್ಲದೆ ಅವರಿಗೆ ಮಾತೇ ಹೊರಡುವುದಿಲ್ಲ. ಠಾಣೆಯಲ್ಲಿ ಅವರ ಬೆನ್ನ ಹಿಂದೆ ಅದೇ ಅವರ ಹೆಸರು. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಇನ್ಸ್‌ಪೆಕ್ಟರ್ ಆಗಿ ಬಂದ ಮೊದಲ ದಿನ ಕುರ್ಚಿ ಒರೆಸಿಕೊಟ್ಟವರು. ಹಾಗಾಗಿ ನಾನೂ ಕೇಳಿಸಿಕೊಂಡು ಸುಮ್ಮನಾಗುವುದು ರೂಢಿ.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಭಾನುವಾರ ಈ ಗ್ರಂಥಾಲಯದ ಸಭಾಂಗಣದಲ್ಲಿ ಚಾಂಪಿಯನ್ ಇಪ್ಪತ್ನಾಲ್ಕು ಹವ್ಯಾಸಿಗಳ ಜೊತೆ ಒಟ್ಟಿಗೇ ಆಡುತ್ತಿದ್ದಾಗ, ಕೆಳಗಿನ ಉಗ್ರಾಣದಲ್ಲಿ ಗ್ರಂಥಾಲಯದ ಕಾರ್ಯದರ್ಶಿಯನ್ನು ಯಾರೋ ಕಬ್ಬಿಣದ ಸರಳಿನಿಂದ ಹೊಡೆದು ಕೊಂದಿದ್ದರು. ಐದು ಇಪ್ಪತ್ತಕ್ಕೆ ಕಾರ್ಯದರ್ಶಿ ಅಲ್ಲಿಂದಲೇ ಮನೆಗೆ ಫೋನ್ ಮಾಡಿ ಮಾತಾಡಿದ್ದರು. ಐದು ಮುಕ್ಕಾಲಿಗೆ ಹೆಣವಾಗಿ ಸಿಕ್ಕಿದರು. ಸರಳು, ಅವತ್ತು ಹನ್ನೊಂದನೇ ಮಣೆಯಲ್ಲಿ ಆಡುತ್ತಿದ್ದ ಪುಸ್ತಕ ಬೈಂಡರ್ ಉಗ್ರಾಣದಲ್ಲಿಟ್ಟಿದ್ದ ಒತ್ತುಯಂತ್ರದ್ದು. ಅದರ ತುಂಬ ಅವನದೇ ಬೆರಳಚ್ಚು. ಮೆಟ್ಟಿಲ ಬಾಯಲ್ಲಿ ಬಂದೋಬಸ್ತಿಗೆ ನಿಂತಿದ್ದ ನಮ್ಮ ಹವಾಲ್ದಾರರು, ಬೈಂಡರ್ ಆ ಹೊತ್ತಿಗೆ ಕೆಳಗಿಳಿದು ಹೋಗಿ ಬಂದದ್ದನ್ನು ಕಣ್ಣಾರೆ ಕಂಡಿದ್ದರು.

"ನಾನು ಕುರ್ಚಿ ಬಿಟ್ಟು ಏಳಲೇ ಇಲ್ಲ" ಎಂಬುದು ಬೈಂಡರನ ಒಂದೇ ಮಾತು. ಅದರ ಹಿಂದೆ ಮುಂದೆ ಏನು ಕೇಳಿದರೂ ತುಟಿ ಬಿಚ್ಚುವುದಿಲ್ಲ. ಅವನನ್ನು ಸಾಕಿ ಬೆಳೆಸಿದ ಅಕ್ಕ ಮೂರು ದಿನದಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಳೆ. ಇವತ್ತು ಮಧ್ಯಾಹ್ನ ನನ್ನ ಕೈ ಹಿಡಿದು, "ಅವನು ನೊಣ ಹೊಡೆಯೋಕೂ ಕೈ ಎತ್ತೋನಲ್ಲ ಮೇಡಂ. ನಾಳೆ ಹತ್ತು ಗಂಟೆ ಆದ್ಮೇಲೆ ಅವನು ನಿಮ್ಮ ಕೈಲೂ ಇರಲ್ಲ, ನನ್ನ ಕೈಲೂ ಇರಲ್ಲ" ಅಂದಳು. ಸಂಜೆಯೊಳಗೆ ಏನಾದರೂ ಮಾಡುತ್ತೇನೆ ಎಂದು ಬಾಯಿ ತಪ್ಪಿ ಮಾತು ಕೊಟ್ಟುಬಿಟ್ಟಿದ್ದೆ.

"ಹನ್ನೊಂದನೇ ಮಣೆ," ಚಾಂಪಿಯನ್ ಮುಂದುವರಿಸಿದರು. ದನಿ ಸ್ವಲ್ಪ ಬೇಗವಾಯಿತು.

ನಾನು ಎದ್ದು ಹನ್ನೊಂದನೇ ಮಣೆಯ ಹತ್ತಿರ ಹೋಗಿ ನಿಂತೆ.

ಮೇಜುಗಳನ್ನು ಉಂಗುರದ ಹಾಗೆ ಸುತ್ತಲೂ ಜೋಡಿಸಿದ್ದರು. ಆಟಗಾರರು ಹೊರಗೆ, ಚಾಂಪಿಯನ್ ಒಳಗೆ. ಅವರು ಸುತ್ತು ಹೊಡೆಯುತ್ತಾ ಬರುತ್ತಾರೆ. ನಿಮ್ಮ ಮುಂದೆ ಬಂದು ನಿಂತಾಗಲೇ ನೀವು ಕಾಯಿ ನಡೆಸಬೇಕು, ಮೊದಲೂ ಅಲ್ಲ, ಆಮೇಲೂ ಅಲ್ಲ. ಅವರು ಬಂದಾಗ ಕುರ್ಚಿ ಖಾಲಿ ಇದ್ದರೆ ಆಟ ಹೋಯಿತು. ಬೈಂಡರನ ಆಟ ಹೋಗಿರಲಿಲ್ಲ. ಆದರೆ ಅವನ ಹಾಳೆಯಲ್ಲಿ ಹದಿಮೂರನೇ ನಡೆ ಇತ್ತು, ಹದಿನೈದನೆಯದು ಇತ್ತು, ನಡುವಿನ ಸಾಲು ಖಾಲಿ ಇತ್ತು.

"ಹದಿನಾಲ್ಕನೇ ನಡೆ ಏನು ಸರ್?" ಅಂದೆ.

"ತುದಿಯ ಪದಾತಿ. ಒಂದು ಮನೆ ಮುಂದೆ."

"ಯಾವ ತುದಿ?"

"ಎಡಗಡೆ... ಅಲ್ಲ, ಬಲಗಡೆ."

ಅಷ್ಟು ಹೊತ್ತಿನಲ್ಲಿ ಅವರು ಮೊದಲ ಸಲ ತಡವರಿಸಿದ್ದರು. ನಾನು ಮಣೆ ನೋಡಿದೆ. ಬೈಂಡರನ ಕಪ್ಪು ಪದಾತಿಗಳು ಎರಡೂ ತುದಿಯಲ್ಲಿ ಹುಟ್ಟಿದ ಮನೆಯಲ್ಲೇ ನಿಂತಿದ್ದವು. ಕದಲಿಯೇ ಇರಲಿಲ್ಲ.

ನನಗೆ ಚದುರಂಗ ಆಡಲು ಬರುವುದಿಲ್ಲ. ಈ ಸಭಾಂಗಣದ ಕಾಯಿಗಳನ್ನೆಲ್ಲ ಮೂವತ್ತು ವರ್ಷ ಕಡೆದುಕೊಟ್ಟವರು ನನ್ನ ಅಪ್ಪ. ಮರ ಕಡೆಯುವ ಲೇತಿಗೆ ಬೆವರಷ್ಟೇ ಅಲ್ಲ, ಒಂದು ಬೆರಳ ತುದಿಯನ್ನೂ ಕೊಟ್ಟವರು. ನಾನು ಬೆಳೆದದ್ದು ಆ ಮರದ ಪುಡಿಯಲ್ಲೇ. ಆದರೂ ಅವರ ಎದುರು ಇಪ್ಪತ್ತು ನಡೆ ಉಳಿದವಳಲ್ಲ. ಆದರೆ ಪದಾತಿ ಹಿಂದಕ್ಕೆ ಬರುವುದಿಲ್ಲ ಎನ್ನುವಷ್ಟು ನನಗೂ ಗೊತ್ತು.

"ಸರ್, ಈ ಕಡೆ ತಿರುಗಿ ನೋಡಿ."

ಅವರು ತಿರುಗಲಿಲ್ಲ.

"ಹಾಗಾದ್ರೆ ನಾನೇ ಹೇಳ್ತೀನಿ. ಎರಡು ಪದಾತಿನೂ ಇದ್ದಲ್ಲೇ ಇವೆ. ಆಡಿರೋದು ಕುದುರೆ. ನಡುಮಣೆಗೆ ಬಂದು ನಿಂತಿದೆ."

"ಮರೆತಿರಬೇಕು."

"ನೀವು?"

ಇಷ್ಟು ಜಾಣ ಮನುಷ್ಯ ಇಷ್ಟು ದಡ್ಡ ಸುಳ್ಳು ಹೇಳುವುದನ್ನು ನೋಡಿ ನನಗೆ ಸಿಟ್ಟಿಗಿಂತ ಮೊದಲು ಮರುಕ ಬಂತು. ಸುಳ್ಳು ಅವರ ಕಸುಬಲ್ಲ, ಅಭ್ಯಾಸವಿರಲಿಲ್ಲ.

ನಾನು ಹನ್ನೆರಡನೇ ಮಣೆಯ ಹಾಳೆ ತೆಗೆದೆ. ಅಲ್ಲಿ ಕೂತಿದ್ದವರು ಆಸ್ಪತ್ರೆಯ ಹಿರಿಯ ನರ್ಸ್. ಇಪ್ಪತ್ತೆಂಟು ವರ್ಷ ರೋಗಿಗಳ ತಲೆದೆಸೆಯ ಚಾರ್ಟಿನಲ್ಲಿ ಪ್ರತಿಯೊಂದಕ್ಕೂ ಗಂಟೆ ಹಾಕಿ ಹಾಕಿ, ಆಕೆ ಚದುರಂಗದ ಹಾಳೆಯಲ್ಲೂ ಪ್ರತಿ ನಡೆಯ ಪಕ್ಕ ಗಂಟೆ ನಿಮಿಷ ಬರೆದಿದ್ದರು. ನಿನ್ನೆ ವಾರ್ಡಿನಲ್ಲಿ ಕಂಡಾಗ, "ಅಭ್ಯಾಸ ಮೇಡಂ. ತರಕಾರಿ ಪಟ್ಟಿಗೂ ಗಂಟೆ ಹಾಕ್ತೀನಿ ಅಂತ ಮನೆಯವರು ಆಡ್ಕೋತಾರೆ" ಎಂದು ನಾಚಿಕೊಂಡಿದ್ದರು.

"ನೀವು ಒಂದು ಸುತ್ತು ಬರೋಕೆ ಆರು ನಿಮಿಷ, ಆರೂವರೆ ನಿಮಿಷ," ಅಂದೆ ಚಾಂಪಿಯನ್‌ಗೆ. "ಹದಿಮೂರನೇ ಸುತ್ತಿನಲ್ಲಿ ಹನ್ನೆರಡನೇ ಮಣೆಗೆ ಬಂದಿದ್ದು ಐದು ಇಪ್ಪತ್ತೊಂದಕ್ಕೆ. ಹದಿನಾಲ್ಕನೇ ಸುತ್ತಿಗೆ ಬಂದಿದ್ದು ಐದು ಮೂವತ್ತನಾಲ್ಕಕ್ಕೆ. ಏಳು ನಿಮಿಷ ಹೆಚ್ಚು. ನೀವು ಪಕ್ಕದ ಮಣೆ ಮುಂದೆ ನಿಂತೇ ಇದ್ರಿ ಅಂತ ಆಕೆ ಹೇಳ್ತಾರೆ. ಅಂದ್ರೆ ಹನ್ನೊಂದನೇ ಮಣೆ ಮುಂದೆ, ಐದು ಇಪ್ಪತ್ತೇಳರಿಂದ ಮೂವತ್ತನಾಲ್ಕರ ತನಕ."

ನಾನು ಹಾಳೆಯನ್ನು ಮಣೆಯ ಪಕ್ಕ ಇಟ್ಟೆ.

"ಒಬ್ಬ ಮನುಷ್ಯ ಕೊಲೆ ಆರೋಪ ಹೊತ್ಕೊಂಡು ಕೂತಿದಾನೆ ಸರ್. ಆ ಏಳು ನಿಮಿಷ ಅವನು ನಿಮ್ಮ ಕಣ್ಣ ಮುಂದೆ ಇದ್ದ ಅಂತ ಹೇಳಬಲ್ಲೋರು ಪ್ರಪಂಚದಲ್ಲಿ ನೀವೊಬ್ಬರೇ. ಇಪ್ಪತ್ಮೂರು ಜನ ಸುತ್ತ ಇದ್ರೂ ಒಬ್ಬರೂ ತಲೆ ಎತ್ತಿಲ್ಲ. ಆ ನರ್ಸಮ್ಮನ್ನ ಪಕ್ಕದವರ ಮುಖ ನೋಡಿದ್ರಾ ಅಂತ ಕೇಳಿದ್ರೆ, ನನ್ನ ಮಂತ್ರಿ ಸಾಯ್ತಾ ಇತ್ತು, ಪಕ್ಕದವರ ಮುಖ ಯಾರು ನೋಡ್ತಾರೆ ಅಂದ್ರು. ನೀವೂ ಹಾಗೇ ಅಂತೀರಾ?"

ಚಾಂಪಿಯನ್ ಕೊನೆಗೂ ಕುರ್ಚಿ ತಿರುಗಿಸಿದರು. ಅವರ ಕಣ್ಣು ನೇರವಾಗಿ ಆ ಕುದುರೆಯ ಮೇಲೆ ಹೋಯಿತು.

"ಹತ್ತೊಂಬತ್ತು ವರ್ಷ ಆಯ್ತು," ಅಂದರು. "ಇಂಥ ಪ್ರದರ್ಶನದಲ್ಲಿ ಒಂದು ಮಣೆನೂ ಸೋತಿಲ್ಲ. ಈ ಕುದುರೆ ಬಂದು ಕೂತಾಗ ಸೋತೆ ಅಂತ ಗೊತ್ತಾಯ್ತು. ಏಳು ನಿಮಿಷ ನಿಂತೆ, ಉತ್ತರ ಸಿಗಲಿಲ್ಲ. ಆಮೇಲೆ ಕಿರುಚಾಟ ಆಯ್ತು, ಆಟ ನಿಂತು ಹೋಯ್ತು. ಸಾವಿನ ಗಲಾಟೆಯಲ್ಲಿ ಆ ಏಳು ನಿಮಿಷಾನೂ ಮುಚ್ಚಿ ಹೋಗುತ್ತೆ ಅಂದ್ಕೊಂಡೆ."

"ಅಷ್ಟಕ್ಕೋಸ್ಕರ?"

"ಅಷ್ಟಕ್ಕೇ. ನಿಮಗೆ ಅಸಹ್ಯ ಅನ್ನಿಸಬಹುದು. ನನಗೂ ಅನ್ನಿಸ್ತಿದೆ."

ನನಗೆ ಅಸಹ್ಯವೂ ಆಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಬೈಂಡರ್ ಏಳು ನಿಮಿಷ ಕುರ್ಚಿಯಲ್ಲಿದ್ದ, ನೋಡಿದವರು ಸಾಮಾನ್ಯ ಸಾಕ್ಷಿಯಲ್ಲ. ಅಕ್ಕನ ಮುಖ ಕಣ್ಣ ಮುಂದೆ ಬಂತು. ಹೇಳಿಕೆ ಬರೆದುಕೊಳ್ಳಲು ಪೆನ್ನು ತೆಗೆದೆ.

"ಆದರೆ ಆ ಕುದುರೆ ಆಡಿದ್ದು ಅವರಲ್ಲ," ಅಂದರು ಚಾಂಪಿಯನ್.

ಪೆನ್ನು ಹಾಳೆಯ ಮೇಲೆ ನಿಂತಿತು.

"ಪ್ರದರ್ಶನದಲ್ಲಿ ನಾನು ಮುಖ ನೋಡಲ್ಲ ಇನ್ಸ್‌ಪೆಕ್ಟರ್. ನೋಡಿದ್ರೆ ಕನಿಕರ ಬರುತ್ತೆ. ಕೈ ನೋಡ್ತೀನಿ. ಹದಿಮೂರು ನಡೆ ಆಡಿದ್ದು ಬಲಗೈ, ಉಗುರ ಸಂದಿಯಲ್ಲಿ ಅಂಟು. ಹದಿನೈದನೇ ನಡೆಗೂ ಅದೇ ಕೈ ವಾಪಸ್ ಬಂತು, ಗೆಲ್ಲೋ ಆಟ ಹಾಳು ಮಾಡ್ತು. ಹದಿನಾಲ್ಕನೆಯದು ಮಾತ್ರ ಎಡಗೈ. ವಯಸ್ಸಾದ ಕೈ. ಕಿರುಬೆರಳಿಗೆ ತುದಿ ಇರಲಿಲ್ಲ."

ಹವಾಲ್ದಾರರು ಬಾಗಿಲ ಬಳಿ ಕಾಲು ಬದಲಿಸಿ ನಿಂತ ಸದ್ದು ಕೇಳಿಸಿತು.

"ಇನ್ನೊಂದು," ಅಂದರು ಚಾಂಪಿಯನ್. "ಎಲ್ಲರೂ ಕುದುರೆ ಮುಖಾನ ಎದುರಾಳಿ ಕಡೆ ಇಡ್ತಾರೆ. ಆ ಕೈ ಕುದುರೆ ಇಟ್ಟು, ಎರಡು ಬೆರಳಲ್ಲಿ ಹಿಡಿದು, ಮುಖಾನ ತನ್ನ ಕಡೆ ತಿರುಗಿಸ್ಕೊಳ್ತು. ಹಾಗೆ ಮಾಡೋರನ್ನ ನಾನು ಬೇರೆಲ್ಲೂ ನೋಡಿಲ್ಲ."

ನಾನು ನೋಡಿದ್ದೆ.

ಮಣೆಯ ಮೇಲಿನ ಉಳಿದ ಕುದುರೆಗಳೆಲ್ಲ ಎದುರಿಗೆ ಮುಖ ಮಾಡಿದ್ದವು. ನಡುಮಣೆಯ ಆ ಕಪ್ಪು ಕುದುರೆ ಮಾತ್ರ ಬೈಂಡರನ ಖಾಲಿ ಕುರ್ಚಿಯನ್ನು ನೋಡುತ್ತಿತ್ತು. ಮೂರು ದಿನದಿಂದ ನಾನು ಆ ಮಣೆಯ ಸುತ್ತ ತಿರುಗುತ್ತಿದ್ದೇನೆ. ಅದು ಒಂದು ಸಲವೂ ನನಗೆ ವಿಚಿತ್ರ ಅನ್ನಿಸಿರಲಿಲ್ಲ. ಯಾಕೆಂದರೆ ನಮ್ಮ ಮನೆಯ ಮಣೆಯ ಮೇಲೆ ನಾಲ್ಕು ಕುದುರೆಗಳೂ ಯಾವಾಗಲೂ ಹಾಗೇ ನಿಲ್ಲುತ್ತವೆ. ಕೆತ್ತಿದ ಮುಖ ಸರಿ ಬಂದಿದೆಯೇ ಎಂದು ತನ್ನ ಕಡೆ ತಿರುಗಿಸಿ ನೋಡುವುದು ಅಪ್ಪನ ಹಳೆಯ ಚಾಳಿ.

ಮಂಡಿನೋವು, ಅದಕ್ಕೇ ಭಾನುವಾರ ಪ್ರದರ್ಶನಕ್ಕೆ ಹೋಗಲಿಲ್ಲ ಎಂದು ಅಪ್ಪ ಹೇಳಿದ್ದರು. ನಾನು ಎಣ್ಣೆ ಬಿಸಿ ಮಾಡಿ ಕೊಟ್ಟಿದ್ದೆ.

ತಲೆ ಬಗ್ಗಿಸಿ ಹಾಳೆಗಳನ್ನು ಜೋಡಿಸತೊಡಗಿದೆ. ಮನೆಗೆ ಹೋಗಬೇಕು, ಒಬ್ಬಳೇ ಹೋಗಬೇಕು, ಯಾರೂ ಜೊತೆಗೆ ಬರಬಾರದು. ತಲೆಯಲ್ಲಿ ಅದೊಂದೇ ಇತ್ತು.

"ಹವಾಲ್ದಾರ್ರೆ, ಬೈಂಡರ್‌ನ ಇಲ್ಲಿಗೆ ಕರ್ಕೊಂಡು ಬನ್ನಿ. ಅದೇ ಕುರ್ಚಿಯಲ್ಲಿ ಕೂರಿಸಿ ಕೇಳೋಣ. ಆರು ಗಂಟೆಗೆ ನಾನು ಬಂದಿರ್ತೀನಿ. ಜೊತೆಗೆ ಇನ್ನೊಬ್ಬರನ್ನ ಕರ್ಕೊಳ್ಳಿ."

"ಹೇಳ್ತೀನಿ ಕೇಳಿ ಮೇಡಂ, ಐದು ನಿಮಿಷದ ದಾರಿಗೆ ಇನ್ನೊಬ್ಬ ಯಾಕೆ? ಅವನೇನು ಓಡಿ ಹೋಗೋ ಜಾತಿ ಅಲ್ಲ. ನಾನೊಬ್ಬನೇ ಸಾಕು."

ಇಬ್ಬರು ಇರಬೇಕೆಂಬುದು ನಿಯಮ. ಬೇರೆ ದಿನವಾಗಿದ್ದರೆ ಗದರುತ್ತಿದ್ದೆ. ಅವತ್ತು ಹೂಂ ಅಂದು ಮೆಟ್ಟಿಲಿಳಿದೆ. ಗೋಡೆ ಗಡಿಯಾರದಲ್ಲಿ ನಾಲ್ಕೂ ಕಾಲು.

ಅಪ್ಪ ಹಜಾರದಲ್ಲಿ ಮಣೆ ಹರಡಿಕೊಂಡು ಒಬ್ಬರೇ ಕೂತಿದ್ದರು. ನನ್ನನ್ನು ಕಂಡು, "ಇಷ್ಟು ಬೇಗ? ಕಳ್ಳರೆಲ್ಲ ರಜಾ ಹಾಕಿದಾರಾ ಪುಟ್ಟಿ?" ಅಂದರು. ನಲವತ್ತೈದು ವರ್ಷದ ಇನ್ಸ್‌ಪೆಕ್ಟರಿಗೆ ಆ ಮನೆಯಲ್ಲಿ ಇನ್ನೂ ಅದೇ ಹೆಸರು.

ನಾನು ಶೂ ಬಿಚ್ಚಲಿಲ್ಲ. ಅವರ ಎದುರು ಕೂತೆ. ಮಣೆಯ ಮೇಲೆ ಹನ್ನೊಂದನೇ ಮೇಜಿನ ಆಟವೇ ಇತ್ತು. ಹದಿನಾಲ್ಕನೇ ನಡೆಯವರೆಗೆ ಬಂದು ನಿಂತಿತ್ತು. ಕಪ್ಪು ಕುದುರೆ ನಡುಮಣೆಯಲ್ಲಿ, ಅಪ್ಪನನ್ನೇ ನೋಡುತ್ತಿತ್ತು.

ನನ್ನ ನೋಟ ಎಲ್ಲಿದೆ ಎಂಬುದನ್ನು ಅಪ್ಪ ಕಂಡರು. ತುದಿಯಿಲ್ಲದ ಆ ಬೆರಳನ್ನು ಮಡಿಸಿಕೊಂಡರು.

"ಹೇಗೆ ಗೊತ್ತಾಯ್ತು?"

"ನೀವು ಅಷ್ಟು ಚೆನ್ನಾಗಿ ಆಡಿದ್ರಿಂದ."

ಅಪ್ಪ ತಲೆ ತಗ್ಗಿಸಿದರು. "ಸುಮ್ಮನೆ ಒಂದು ಪದಾತಿ ನೂಕಿ ಎದ್ದು ಹೋಗಬೇಕಿತ್ತು. ಅಷ್ಟೇ ಮಾಡೋಣ ಅಂತ ಕೂತೆ. ಆದ್ರೆ ಆ ಕುದುರೆ ಮನೆ ಕಣ್ಣಿಗೆ ಬಿತ್ತು ಪುಟ್ಟಿ. ಕಂಡ ಮೇಲೆ ಕೈ ಕೇಳಲಿಲ್ಲ."

"ಅವನ ಕುರ್ಚಿಯಲ್ಲಿ ಯಾಕೆ ಕೂತ್ರಿ?"

"ನಾನು ಹಿಂದೆ ನಿಂತು ಆಟ ನೋಡ್ತಿದ್ದೆ. ಕಾರ್ಯದರ್ಶಿ ಉಗ್ರಾಣಕ್ಕೆ ಬಾ ಅಂತ ಹೇಳಿ ಕಳಿಸಿದ್ರು. ನಾನು ಮಾಡಿಕೊಟ್ಟ ಹಳೇ ಸೆಟ್ಟುಗಳೆಲ್ಲ ಅಲ್ಲೇ ಇರೋದು. ಅದರಲ್ಲಿ ಅರ್ಧ ನನ್ನವಲ್ಲ, ಯಾರೋ ಬದಲಾಯಿಸಿದಾರೆ ಅಂತ ಅವರಿಗೆ ಅನುಮಾನ. ಆ ಕಡಿದಾದ ಮೆಟ್ಟಿಲು ಇಳಿಯೋಕೆ ನನ್ನ ಮಂಡಿ ಎಲ್ಲಿ ಕೇಳುತ್ತೆ? ಬೈಂಡರ್‌ಗೆ ಹೇಳ್ದೆ, ನೀನು ಹೋಗಿ ಒಂದು ಕುದುರೆ ತಗೊಂಡು ಬಾ, ನೋಡಿದ್ರೆ ನನ್ನದೋ ಅಲ್ವೋ ಗೊತ್ತಾಗುತ್ತೆ ಅಂತ. ಕುರ್ಚಿ ಖಾಲಿ ಬಿಟ್ರೆ ಆಟ ಹೋಗುತ್ತೆ ಅಂದ. ಅಲ್ಲೀತನಕ ನಾನು ಕೂತಿರ್ತೀನಿ ಅಂದೆ."

ಕಳಿಸಿದ್ದು ಅಪ್ಪ. ಲಾಕಪ್ಪಿನಲ್ಲಿ ಕೂತಿದ್ದು ಅವನು. ನನಗೆ ಅಳು ಬರುವಂತಾಯಿತು, ಅಪ್ಪನ ಮೇಲೆ ಕೂಗಾಡಬೇಕೆನಿಸಿತು, ಎರಡೂ ಆಗಲಿಲ್ಲ.

"ಮೂರು ದಿನ ಬಾಯಿ ಮುಚ್ಕೊಂಡು ಇದ್ರಲ್ಲ ಅಪ್ಪ."

"ನೀವು ಹಿಡಿಯೋಕೆ ಮುಂಚೆ, ಭಾನುವಾರ ರಾತ್ರಿ ಅವನೇ ಬೇಡ ಅಂದ. ನಾನು ಅಲ್ಲಿದ್ದೆ ಅಂತ ಹೊರಗೆ ಬಂದ್ರೆ ಈ ಕೇಸನ್ನ ನಿನ್ನ ಕೈಯಿಂದ ತೆಗೆದು ಬೇರೆಯವರಿಗೆ ಕೊಡ್ತಾರೆ. ನಿನ್ನ ಕೈಯಲ್ಲಿದ್ರೆ ಅವನಿಗೆ ನ್ಯಾಯ ಸಿಗುತ್ತೆ ಅಂತ ನಾನೂ ಲೆಕ್ಕ ಹಾಕ್ದೆ." ಅಪ್ಪ ಕುದುರೆಯನ್ನು ಮಣೆಯಿಂದ ಎತ್ತಿಕೊಂಡರು. "ಮಣೆ ಮೇಲೆ ಬಿಟ್ರೆ ಬೇರೆಲ್ಲೂ ನನ್ನ ಲೆಕ್ಕ ಸರಿ ಬಂದಿಲ್ಲ."

"ಅವನು ಕೆಳಗೆ ಹೋಗಿ ಏನು ನೋಡಿದ?"

"ಏನೂ ನೋಡಿಲ್ಲ. ಬಾಗಿಲು ಒಳಗಿಂದ ಚಿಲಕ ಹಾಕಿತ್ತಂತೆ. ಒಳಗೆ ಇಬ್ಬರು ಜಗಳ ಆಡ್ತಿದ್ರು. ಒಂದು ಕಾರ್ಯದರ್ಶಿ ದನಿ. ಇವನು ತಟ್ಟಿದ, ನಾನು ಬೈಂಡರ್ ಅಂತ ಕೂಗಿದ, ಕಾದ, ತೆಗೀಲಿಲ್ಲ. ಬರಿಗೈಲಿ ವಾಪಸ್ ಬಂದ."

"ಇನ್ನೊಂದು ದನಿ?"

"ಗುರುತು ಸಿಗಲಿಲ್ಲ ಅಂದ. ಅವನು ಆ ದನೀನ ಮುಂಚೆ ಕೇಳಿದೋನಲ್ಲ." ಅಪ್ಪ ಸ್ವಲ್ಪ ಯೋಚಿಸಿದರು. "ಆದ್ರೆ ಒಂದು ಹೇಳಿದ. ಆ ಮನುಷ್ಯ ಜಗಳ ಆಡ್ತಾ ಇದ್ರೂ ಮಾತು ಮಾತಿಗೂ ಹೇಳ್ತೀನಿ ಕೇಳಿ, ಹೇಳ್ತೀನಿ ಕೇಳಿ ಅಂತಿದ್ದನಂತೆ. ಕೊಲ್ಲೋಕೆ ಬಂದೋನು ಅಷ್ಟು ಮರ್ಯಾದೆಯಿಂದ ಮಾತಾಡ್ತಾನಾ ಅಂತ ಇವನಿಗೆ ಆಶ್ಚರ್ಯ."

ನಾನು ಎದ್ದು ನಿಂತೆ.

ಬೈಂಡರ್ ಯಾಕೆ ತುಟಿ ಬಿಚ್ಚಲಿಲ್ಲ ಎಂಬುದು ಆ ಕ್ಷಣ ಅರ್ಥವಾಯಿತು. ಭಾನುವಾರ ಗುರುತು ಸಿಗದ ದನಿ ಸೋಮವಾರ ಬೆಳಿಗ್ಗೆ ಲಾಕಪ್ಪಿನ ಕಂಬಿಯಾಚೆಯಿಂದ ಅವನಿಗೆ ಕೇಳಿಸಿರಬೇಕು. ಆಮೇಲೆ ಹಗಲೂ ರಾತ್ರಿ ಕೇಳಿಸಿರಬೇಕು. ನಾನು ವಿಚಾರಣೆ ಮಾಡುವಾಗೆಲ್ಲ ಆ ದನಿ ನನ್ನ ಬೆನ್ನ ಹಿಂದೆಯೇ ಇರುತ್ತಿತ್ತು.

ಠಾಣೆಗೆ ಫೋನ್ ಮಾಡಿದೆ. ಎತ್ತಿದವನು ಬರಹಗಾರ ಪೇದೆ.

"ಬೈಂಡರ್ ಎಲ್ಲಿ?"

"ನಾಲ್ಕೂ ಇಪ್ಪತ್ತೈದಕ್ಕೇ ಹವಾಲ್ದಾರ್ರು ಕರ್ಕೊಂಡು ಹೋದ್ರಲ್ಲ ಮೇಡಂ. ನೀವೇ ಹೇಳಿದ್ರಂತೆ."

"ಜೊತೆಗೆ ಯಾರು ಹೋದ್ರು?"

"ಯಾರೂ ಇಲ್ಲ. ಅವರೇ ಜೀಪು ಓಡಿಸ್ಕೊಂಡು ಹೋದ್ರು. ಇಬ್ಬರೇ." ಅವನು ದನಿ ತಗ್ಗಿಸಿದ. "ಅವನ ಅಕ್ಕ ಇಲ್ಲೇ ಇದಾರೆ ಮೇಡಂ. ತಮ್ಮನ್ನ ಬಿಡ್ತಾರೇನೋ ಅಂತ ಮುಖ ತೊಳ್ಕೊಂಡು, ಬ್ಯಾಗ್ ಕಟ್ಕೊಂಡು ಕೂತಿದಾರೆ. ಏನು ಹೇಳ್ಲಿ?"

ಲೈನ್ ಕಡಿದು ಗ್ರಂಥಾಲಯಕ್ಕೆ ಫೋನ್ ಮಾಡಿದೆ. ಕಾವಲಿನವನು ಎತ್ತಿದ. ಚಾಂಪಿಯನ್ ಇನ್ನೂ ಆ ಕುದುರೆಯ ಮುಂದೆಯೇ ಕೂತಿದ್ದಾರೆ, ಬೇರೆ ಯಾರೂ ಬಂದಿಲ್ಲ ಅಂದ.

"ಜೀಪು?"

"ಇಲ್ಲ ಮೇಡಂ. ಯಾವ ಜೀಪೂ ಬಂದಿಲ್ಲ."

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಗಡಿಯಾರ ಐದೂ ಹತ್ತು ತೋರಿಸುತ್ತಿತ್ತು. ಠಾಣೆಯಿಂದ ಗ್ರಂಥಾಲಯಕ್ಕೆ ಐದು ನಿಮಿಷದ ದಾರಿ. ಅವರಿಬ್ಬರೂ ಹೊರಟು ಮುಕ್ಕಾಲು ಗಂಟೆಯಾಗಿತ್ತು.